ಬಾಡಿಗೆ ತಾಯ್ತನ: ಕಾನೂನಿಗೆ ಕಂಡ ಮಗು, ಕಾಣದ ತಾಯಿ

ಇಟಲಿಯ ಪ್ರಜೆಗಳು ಯಾವ ದೇಶಕ್ಕೆ ಹೋಗಿ ಬಾಡಿಗೆ ತಾಯಿಯಿಂದ ಮಗು ಪಡೆದರೂ ಅಪರಾಧವೇ ಎಂದು ಅಲ್ಲಿನ ಸಂಸತ್ತು 2024ರ ಅಕ್ಟೋಬರ್‌ನಲ್ಲಿ ಕಾನೂನು ಮಾಡಿತು. ಇಂಥ ನಿಷೇಧಗಳನ್ನೆಲ್ಲ ಹೆಣ್ಣಿನ ಶೋಷಣೆ ತಡೆಯುವ ಕ್ರಮವೆಂದು ಹೊಗಳುವುದು ಈಗಿನ ರೂಢಿ. ಭಾರತದ ಕಥೆ ಬೇರೆಯೇ ಇದೆ. ಇಲ್ಲಿ ಸರ್ಕಾರದ ನಿದ್ದೆ ಕೆಡಿಸಿದ್ದು ಹೆತ್ತವಳ ಪಾಡಲ್ಲ, ಮಗುವಿನ ಪಾಸ್‌ಪೋರ್ಟ್.

ಬ್ರಿಟನ್ 1985ರಲ್ಲೇ ಲಾಭಕ್ಕಾಗಿ ನಡೆಸುವ ದಲ್ಲಾಳಿತನ ನಿಲ್ಲಿಸಿತು. ಜರ್ಮನಿ, ಫ್ರಾನ್ಸ್ ಕೂಡ ಬಾಗಿಲು ಹಾಕಿದವು. ಹೀಗಾಗಿ ಮಗು ಬೇಕಾದವರು ಗುಜರಾತಿನ ಆಣಂದ್‌ಗೆ ಬಂದರು. ಇಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2005ರ ಮಾರ್ಗಸೂಚಿಯಿತ್ತು, ಆದರೆ ಅದಕ್ಕೆ ಕಾನೂನಿನ ಬಲವಿರಲಿಲ್ಲ.

2008ರಲ್ಲಿ ಜಪಾನಿನ ದಂಪತಿಗಾಗಿ ಆಣಂದ್‌ನ ಬಾಡಿಗೆ ತಾಯಿ ಹೊತ್ತ ಮಗು ಹುಟ್ಟುವ ಮೊದಲೇ ಅವರಿಗೆ ವಿಚ್ಛೇದನವಾಗಿತ್ತು. ಮಗುವನ್ನು ನೋಡಿಕೊಳ್ಳಲು ಅಜ್ಜಿ ಬಂದರು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಕೊನೆಗೆ ಪಾಸ್‌ಪೋರ್ಟ್ ಬದಲು ಸಿಕ್ಕಿದ್ದು ತಾಯಿಯ ಹೆಸರಾಗಲಿ ರಾಷ್ಟ್ರೀಯತೆಯಾಗಲಿ ಇಲ್ಲದ ಒಂದು ಗುರುತಿನ ಪತ್ರ. ಅದೇ ವರ್ಷ ಬಾಡಿಗೆ ತಾಯಿಗೆ ಹುಟ್ಟಿದ ಜರ್ಮನ್ ತಂದೆಯ ಅವಳಿಗಳು ದೇಶ ಬಿಟ್ಟು ಹೋಗಲು 2010 ಬರಬೇಕಾಯಿತು. ಸರ್ಕಾರದ ಮುಂದಿನ ಹೆಜ್ಜೆಗಳು ಈ ಮುಜುಗರದಿಂದ ಹುಟ್ಟಿದವು. 2012ರಲ್ಲಿ ಗೃಹ ಸಚಿವಾಲಯ, ಬಾಡಿಗೆ ತಾಯ್ತನಕ್ಕೆ ಬರುವ ವಿದೇಶಿಯರಲ್ಲಿ ಮದುವೆಯಾಗಿ ಎರಡು ವರ್ಷವಾದ ಗಂಡ-ಹೆಂಡತಿಗೆ ಮಾತ್ರ ವೈದ್ಯಕೀಯ ವೀಸಾ ಎಂದಿತು. 2015ರಲ್ಲಿ ವಿದೇಶಿಯರಿಗೆ ಪೂರ್ತಿ ತಡೆ ಬಿತ್ತು.

ದಂಧೆ ನಿಲ್ಲಲಿಲ್ಲ, ಜಾಗ ಬದಲಾಯಿಸಿತು. ಭಾರತದ ಹೆಂಗಸರನ್ನೇ ನೇಪಾಳಕ್ಕೆ ಕರೆದೊಯ್ದು ಹೆರಿಗೆ ಮಾಡಿಸಿದರು; 2015ರಲ್ಲಿ ಅಲ್ಲೂ ನಿಷೇಧ ಬಂತು. ಥಾಯ್ಲೆಂಡ್ ಅದೇ ವರ್ಷ ವಿದೇಶಿಯರನ್ನು ಹೊರಗಿಟ್ಟಿತು. ಕಾಂಬೋಡಿಯಾದಲ್ಲಂತೂ 2018ರಲ್ಲಿ ಗರ್ಭಿಣಿಯರ ಮೇಲೆಯೇ ಮಾನವ ಕಳ್ಳಸಾಗಣೆಯ ಕೇಸು ಹಾಕಿ, ಹೊತ್ತ ಮಗುವನ್ನು ತಾವೇ ಸಾಕಬೇಕೆಂಬ ಷರತ್ತಿನ ಮೇಲೆ ಬಿಟ್ಟರು. ರಕ್ಷಣೆಯೆಂದರೆ ಇದೇನೋ!

ಈ ಸರ್ಕಾರಿ ಸುತ್ತೋಲೆಗಳಿಗಿಂತ ಹೆಚ್ಚು ತಿಳಿವು ಕೊಟ್ಟವರು ಸಮಾಜಶಾಸ್ತ್ರಜ್ಞರು. ಅಮೃತಾ ಪಾಂಡೆ ಆಣಂದ್‌ನಲ್ಲಿ, ಶರ್ಮಿಳಾ ರುದ್ರಪ್ಪ ಬೆಂಗಳೂರಿನಲ್ಲಿ ಹೆಂಗಸರ ಜೊತೆ ಕೂತು ಮಾತಾಡಿದರು. ರುದ್ರಪ್ಪ ಅವರ 2015ರ ಪುಸ್ತಕದಲ್ಲಿ ಬರುವವರಲ್ಲಿ ಹಲವರು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದವರು. ಪೀಸ್ ಲೆಕ್ಕ, ಸೂಪರ್‌ವೈಸರ್‌ನ ಬೈಗುಳ, ಕೈಗೆ ಬರುವ ಪುಡಿಗಾಸು ಎಲ್ಲ ಕಂಡವರಿಗೆ ಒಂಬತ್ತು ತಿಂಗಳ ಬಸಿರು ಅದಕ್ಕಿಂತ ವಾಸಿ ಅನಿಸಿತ್ತು. ಹಾಗೆಂದು ಪುಸ್ತಕ ಕ್ಲಿನಿಕ್ಕುಗಳನ್ನು ಸುಮ್ಮನೆ ಬಿಡುವುದಿಲ್ಲ; ಮೊದಲೇ ದಿನ ಗೊತ್ತುಮಾಡಿ ನಡೆಸುತ್ತಿದ್ದ ಸಿಸೇರಿಯನ್‌ಗಳೂ ಅದರಲ್ಲಿವೆ. ಬಾಡಿಗೆ ತಾಯ್ತನದ ಪಕ್ಕದಲ್ಲಿ ಹೊಲಿಗೆ ಯಂತ್ರವನ್ನಿಟ್ಟು ನೋಡಿದ ಈ ಕ್ರಮಕ್ಕೆ ಕಾನೂನು ಪಂಡಿತರ ಗಮನ ಸಿಕ್ಕಿದ್ದು ಕಡಿಮೆ.

2022ರ ಜನವರಿಯಲ್ಲಿ ಜಾರಿಗೆ ಬಂದ ಭಾರತದ ಬಾಡಿಗೆ ತಾಯ್ತನ ಕಾಯ್ದೆ ಕೂಲಿಯನ್ನೇ ತೆಗೆದುಹಾಕಿತು. 25ರಿಂದ 35ರೊಳಗಿನ, ಸ್ವಂತ ಮಗುವಿರುವ ಹೆಂಗಸು ಜೀವಮಾನದಲ್ಲಿ ಒಮ್ಮೆ ಮಾತ್ರ ಬಸಿರು ಹೊರಬಹುದು. ಸಿಗುವುದು ವೈದ್ಯಕೀಯ ಖರ್ಚು ಮತ್ತು 36 ತಿಂಗಳ ವಿಮೆ. ವೈದ್ಯರಿಗೆ ಶುಲ್ಕ, ವಕೀಲರಿಗೆ ಫೀಸು, ಹೊರುವವಳಿಗೆ ಮಾತ್ರ ಪರೋಪಕಾರ. ಅಂತರರಾಷ್ಟ್ರೀಯ ಖಾಸಗಿ ಕಾನೂನಿನ ಹೇಗ್ ಸಮ್ಮೇಳನದ ತಜ್ಞರು ವರ್ಷಗಟ್ಟಲೆ ಚರ್ಚಿಸಿ 2022ರಲ್ಲಿ ವರದಿ ಕೊಟ್ಟರು. ಅದರ ಮುಖ್ಯ ವಿಷಯವೂ ಗಡಿ ದಾಟಿದ ಮಗುವಿಗೆ ಕಾನೂನಿನ ಪ್ರಕಾರ ತಂದೆತಾಯಿ ಯಾರು ಎಂಬುದೇ.