‘ಜಂಗ್ಲಿ’ ಎಂಬ ಮಾತು: ಜೈಪಾಲ್ ಸಿಂಗ್ ಮುಂಡಾರ 1946ರ ಭಾಷಣದ ಒಂದು ಪಾಠವಿಚಾರ

ಆದಿವಾಸಿ ನಾಯಕರಾದ ಜೈಪಾಲ್ ಸಿಂಗ್ ಮುಂಡಾರ ರಾಜಕೀಯ ಜೀವನವನ್ನು ವಿಮರ್ಶಿಸಿದ ಹಿರಿಯ ವಿದ್ವಾಂಸರೊಬ್ಬರು, 1946ರ ಡಿಸೆಂಬರ್ 19ರಂದು ಅವರು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಿಂದ ಒಂದೇ ಒಂದು ವಾಕ್ಯವನ್ನು ಎತ್ತಿಕೊಂಡು, ಅದರಲ್ಲಿ ಬರುವ ‘ಜಂಗ್ಲಿ’ ಎಂಬ ಶಬ್ದವನ್ನು ‘ಕಾಡುಮನುಷ್ಯ’ ಎಂದು ಕನ್ನಡಿಸಿ, ಆಕ್ಸ್‌ಫರ್ಡಿನಲ್ಲಿ ಓದಿ ಬಂದವರೊಬ್ಬರು ಸಭಾಸದರ ಕನಿಕರವನ್ನು ಸಂಪಾದಿಸುವುದಕ್ಕಾಗಿ ತೊಟ್ಟ ವಿನಯದ ವೇಷವಿದೆಂದು ತೀರ್ಪು ಕೊಟ್ಟಿರುವರು. ಅಷ್ಟಕ್ಕೇ ನಿಲ್ಲದೆ, ಎರಡು ವರ್ಷಗಳ ತರುವಾಯ ಇದೇ ಜೈಪಾಲರು ‘ವನಜಾತಿ’ ಎಂಬ ಹೆಸರನ್ನು ಪ್ರತಿಭಟಿಸಿದುದನ್ನು ಮುಂದಿಟ್ಟು, ಒಮ್ಮೆ ಕಾಡಿನವನೆಂದು ಹೆಮ್ಮೆಪಟ್ಟು ಇನ್ನೊಮ್ಮೆ ಅದಕ್ಕೇ ಮುನಿಯುವವರ ಮಾತಿಗೆ ಸ್ಥೈರ್ಯವೆಲ್ಲಿಯದೆಂದು ಕೇಳಿ, 1963ರಲ್ಲಿ ಜೈಪಾಲರ ಝಾರ್ಖಂಡ್ ಪಕ್ಷವು ಕಾಂಗ್ರೆಸ್ಸಿನಲ್ಲಿ ಲೀನವಾದದ್ದು ಆ ಅಸ್ಥೈರ್ಯದ ಫಲವೇ ಎಂಬ ಸಿದ್ಧಾಂತಕ್ಕೆ ಬಂದಿರುವರು. ಆ ಹಿರಿಯರಿಂದ ನಾನು ಕಲಿತದ್ದು ಬಹಳ. ಹಾಗಿದ್ದೂ ಈ ವಿಷಯದಲ್ಲಿ ಅವರ ತೀರ್ಮಾನವು ಅರ್ಧ ಪಾಠದ ಮೇಲೆ ನಿಂತದ್ದೆಂದು ಹೇಳದೆ ವಿಧಿಯಿಲ್ಲ.

ಡಿಸೆಂಬರ್ 13ರಂದು ಜವಾಹರಲಾಲ್ ನೆಹರೂ ಮಂಡಿಸಿದ ಧ್ಯೇಯನಿರ್ಣಯದ ಮೇಲೆ ನಡೆದ ಚರ್ಚೆಯಲ್ಲಿ ಜೈಪಾಲರು ಮಾತನಾಡಿದ್ದು ಇಂಗ್ಲಿಷಿನಲ್ಲಿ. ಅವರು ತಮ್ಮ ಜನರನ್ನು ಸಭೆಗೆ ಪರಿಚಯಿಸುವ ಕ್ರಮವನ್ನು ಗಮನಿಸಬೇಕು. ಸ್ವಾತಂತ್ರ್ಯಕ್ಕಾಗಿ ಹೋರಾಡಿಯೂ ಗುರುತಿಗೆ ಬಾರದ ಈ ದೇಶದ ಮೂಲಜನರ ಪರವಾಗಿ ತಾವು ಎದ್ದು ನಿಂತಿರುವುದಾಗಿ ಮೊದಲು ಹೇಳಿ, ಆ ಜನರಿಗೆ ಹಿಂದುಳಿದ ಬುಡಕಟ್ಟು, ಆದಿಮ ಬುಡಕಟ್ಟು, ಅಪರಾಧಿ ಬುಡಕಟ್ಟು ಎಂಬಿವೇ ಮೊದಲಾದ ಹೆಸರುಗಳಿವೆಯೆಂದು ವಿವರಿಸಿ, ಅದಾದ ಮೇಲೆಯೇ ತಾವು ‘ಜಂಗ್ಲಿ’ ಎನ್ನಿಸಿಕೊಳ್ಳಲು ಹೆಮ್ಮೆಪಡುವುದಾಗಿಯೂ, ತಮ್ಮ ಸೀಮೆಯಲ್ಲಿ ತಮ್ಮವರನ್ನು ಕರೆಯುವ ಹೆಸರು ಅದೇ ಎಂಬುದಾಗಿಯೂ ನುಡಿಯುತ್ತಾರೆ. ಹಿರಿಯರು ಉದ್ಧರಿಸಿದ್ದು ಇಷ್ಟು. ಉದ್ಧರಿಸದೆ ಬಿಟ್ಟದ್ದು ಇದರ ಬೆನ್ನಿಗೇ ಬರುವ ವಾಕ್ಯ: ಕಾಡಿನಲ್ಲಿ ಬಾಳುವವರಾದುದರಿಂದ ಈ ನಿರ್ಣಯವನ್ನು ಬೆಂಬಲಿಸುವುದೆಂದರೆ ಏನೆಂಬುದು ತಮಗೆ ತಿಳಿದಿದೆ ಎಂದು ಅದರ ಭಾವ. ಕನಿಕರ ಬೇಡುವವನು ತನಗೆ ತಿಳಿಯದೆಂದು ಹೇಳುತ್ತಾನೆಯೇ ಹೊರತು ತನಗೆ ತಿಳಿದಿದೆಯೆಂದು ಹೇಳುವುದಿಲ್ಲ. ಇಲ್ಲಿ ಕಾಡಿನ ವಾಸವೇ ಆ ತಿಳಿವಳಿಕೆಗೆ ಕಾರಣವೆಂದು ವಾಕ್ಯದ ರಚನೆಯೇ ಸಾರುತ್ತಿದೆ.

ಆ ಹೆಸರುಗಳ ಪಟ್ಟಿಯನ್ನು ಯಾರೂ ಬಿಡಿಸಿ ನೋಡಿದ ಹಾಗೆ ಕಾಣುವುದಿಲ್ಲ. ‘ಅಪರಾಧಿ ಬುಡಕಟ್ಟು’ ಎಂಬುದು 1871ರ ಕಾನೂನಿನ ಸೃಷ್ಟಿ. ‘ಆದಿಮ ಬುಡಕಟ್ಟು’ ಎಂಬುದನ್ನು 1931ರ ಜನಗಣತಿ ಬಳಸಿತು. ‘ಹಿಂದುಳಿದ ಬುಡಕಟ್ಟು’ ಎಂಬುದು 1935ರ ಭಾರತ ಸರ್ಕಾರದ ಶಾಸನದಲ್ಲಿದೆ. ಮೂರೂ ಕಚೇರಿಯಲ್ಲಿ ಹುಟ್ಟಿ, ಕಾಗದದ ಮೇಲೆ ಬೆಳೆದು, ಪೊಲೀಸಿನವನೊಡನೆಯೋ ಗಣತಿಯ ಗುಮಾಸ್ತನೊಡನೆಯೋ ಹಳ್ಳಿಗೆ ಬಂದು ಸೇರಿದ ಹೆಸರುಗಳು. ‘ಜಂಗ್ಲಿ’ ಹಾಗಲ್ಲ. ಅದು ಸಂತೆಯಲ್ಲಿ, ದಾರಿಯಲ್ಲಿ, ಸಾಹುಕಾರನ ಜಗುಲಿಯಲ್ಲಿ ನೆರೆಯವನ ಬಾಯಿಂದ ಬೀಳುವ ಮಾತು. ಬೈಗಳವೆಂಬುದರಲ್ಲಿ ಸಂದೇಹವಿಲ್ಲ, ಆದರೆ ಎದುರಿಗೆ ನಿಂತು ಆಡುವ ಬೈಗಳಕ್ಕೆ ಎದುರು ನಿಂತು ಉತ್ತರ ಕೊಡಬಹುದು. ಜೈಪಾಲರು ಆ ದಿನ ಮಾಡಿದ್ದು ಅದನ್ನೇ. ಸರ್ಕಾರದ ಹೆಸರುಗಳನ್ನು ಹೆಸರಿಸಿ ಪಕ್ಕಕ್ಕಿಟ್ಟರು. ಜನದ ಬಾಯಿನ ಹೆಸರನ್ನು ಕೈಗೆ ತೆಗೆದುಕೊಂಡು ಸಭೆಗೆ ತಿರುಗಿಸಿ ಹಿಡಿದರು. ಅದೇ ಭಾಷಣದ ಮುಂದಿನ ಭಾಗದಲ್ಲಿ, ಸಿಂಧೂ ಕಣಿವೆಯ ನಾಗರಿಕತೆಯ ಕೂಸು ತಾವೆಂದೂ, ಎದುರಿಗೆ ಕುಳಿತವರಲ್ಲಿ ಬಹುಮಂದಿ ತಮ್ಮ ಲೆಕ್ಕಕ್ಕೆ ಹೊರಗಿನಿಂದ ನುಗ್ಗಿ ಬಂದವರೆಂದೂ, ತಮ್ಮವರು ಕಾಡು ಸೇರಿದ್ದು ಅವರು ಅಟ್ಟಿದ್ದರಿಂದಲೆಂದೂ ಅವರು ಆಡಿದ ಮಾತುಗಳನ್ನು ಇದಕ್ಕೆ ಕೂಡಿಸಿಕೊಂಡರೆ, ‘ಜಂಗ್ಲಿ’ ಎಂಬುದು ಸ್ವಭಾವವನ್ನು ಹೇಳುವ ವಿಶೇಷಣವಾಗಿ ಉಳಿಯದೆ ಅಟ್ಟಿದವರ ಮೇಲೆ ಹೊರಿಸುವ ಆಪಾದನೆಯಾಗುತ್ತದೆ. (ಸಿಂಧೂ ಕಣಿವೆಯ ವಿಷಯದಲ್ಲಿ ಅವರ ಇತಿಹಾಸ ಎಷ್ಟರಮಟ್ಟಿಗೆ ಸರಿಯೆಂಬ ಪ್ರಶ್ನೆ ಬೇರೆ, ಅದನ್ನು ಪುರಾತತ್ತ್ವಜ್ಞರು ವಿಚಾರಿಸಲಿ. ನನ್ನ ಪ್ರಶ್ನೆ ವಾದದ ಸ್ವರೂಪದ್ದು.)

ಕನ್ನಡದ ‘ಕಾಡುಮನುಷ್ಯ’ ಎಂಬ ಅನುವಾದವು ಈ ಎಲ್ಲವನ್ನೂ ಅಳಿಸಿಹಾಕುತ್ತದೆ. ನಮ್ಮಲ್ಲಿ ‘ಕಾಡು’ ಎಂಬ ಪೂರ್ವಪದಕ್ಕೆ ಎರಡು ಮುಖಗಳುಂಟು: ಕಾಡುಹರಟೆ ಎಂದಾಗ ಅದು ಹೀಗಳೆಯುತ್ತದೆ, ಕಾಡುಕುರುಬ ಎಂದಾಗ ಇರುವ ನೆಲೆಯನ್ನು ಮಾತ್ರ ತಿಳಿಸುತ್ತದೆ. ಅನುವಾದಕರು ಮೊದಲನೆಯ ಮುಖವನ್ನು ಮಾತ್ರ ಕಂಡರು. ಸಂಸ್ಕೃತದ ‘ಜಾಂಗಲ’ ಶಬ್ದವಾದರೋ ದಟ್ಟಡವಿಯನ್ನು ಹೇಳುವುದೇ ಇಲ್ಲ. ಆಯುರ್ವೇದದಲ್ಲಿ ಅದು ನೀರು ವಿರಳವಾಗಿ ಗಾಳಿ ಬೆಳಕು ಆಡುವ ಒಣನೆಲ, ಜೌಗಾದ ‘ಆನೂಪ’ಕ್ಕೆ ವಿರುದ್ಧವಾದದ್ದು, ಆರೋಗ್ಯಕ್ಕೆ ಒಳ್ಳೆಯದೆಂದು ಹೊಗಳಿಸಿಕೊಂಡದ್ದು. ಕುರುಜಾಂಗಲವೆಂಬುದು ಅರಸರ ನಾಡಿನ ಹೆಸರು. ಜೈಪಾಲರು ಈ ಶಬ್ದಮೂಲವನ್ನು ಮನಸ್ಸಿನಲ್ಲಿಟ್ಟು ಮಾತನಾಡಿದರೆಂದು ನಾನು ವಾದಿಸುತ್ತಿಲ್ಲ. ನಿಂದೆಯು ಶಬ್ದದ ಹುಟ್ಟುಗುಣವಲ್ಲ, ಆಡುವವರು ಅದಕ್ಕೆ ಅಂಟಿಸಿದ್ದು ಎಂಬಷ್ಟನ್ನು ಮಾತ್ರ ಹೇಳುತ್ತೇನೆ.

ಈಗ ‘ವೇಷ’ದ ಮಾತು. ಆ ಭಾಷಣದಲ್ಲಿ ‘ಜಂಗ್ಲಿ’ ಇನ್ನೊಮ್ಮೆ ಬರುತ್ತದೆ. ಜಂಗ್ಲಿಯಾದ, ಆದಿವಾಸಿಯಾದ ತಾವು ನಿರ್ಣಯದ ಕಾನೂನಿನ ಜಟಿಲತೆಗಳನ್ನು ತಿಳಿಯಬಲ್ಲರೆಂಬ ನಿರೀಕ್ಷೆ ಯಾರಿಗೂ ಇಲ್ಲವೆಂದೂ, ಆದರೆ ತಮ್ಮ ಮತ್ತು ತಮ್ಮ ಜನರ ಸಾಮಾನ್ಯಬುದ್ಧಿಯು ಎಲ್ಲರೂ ಕೂಡಿ ಸ್ವಾತಂತ್ರ್ಯದ ದಾರಿಯಲ್ಲಿ ನಡೆಯಬೇಕೆಂದು ಹೇಳುತ್ತದೆಂದೂ ಅವರು ನುಡಿದರು. ತಮಗೆ ತಿಳಿಯದು ಎಂದರಲ್ಲ. ತಿಳಿಯಬಲ್ಲರೆಂಬ ನಿರೀಕ್ಷೆ ಸಭೆಗಿಲ್ಲ ಎಂದರು. ಈ ವ್ಯತ್ಯಾಸವನ್ನು ಕಾಣದವರು ಭಾಷಣವನ್ನು ಓದಿದವರಲ್ಲ. ಇಲ್ಲಿಯೇ ‘ಜಂಗ್ಲಿ’, ‘ಆದಿವಾಸಿ’ ಎರಡೂ ಒಂದರ ಪಕ್ಕದಲ್ಲೊಂದು ನಿಂತಿವೆ: ಒಂದು ಅನ್ಯರು ಇಟ್ಟದ್ದು, ಇನ್ನೊಂದು ತಾವು ಆರಿಸಿಕೊಂಡದ್ದು. ಬುಡಕಟ್ಟಿನ ಜನಕ್ಕೆ ಪ್ರಜಾಪ್ರಭುತ್ವವನ್ನು ಕಲಿಸಲು ನಿಮ್ಮಿಂದಾಗದು, ಅದನ್ನು ನೀವೇ ಅವರಿಂದ ಕಲಿಯಬೇಕು ಎಂಬ ಪ್ರಸಿದ್ಧವಾದ ಮಾತು ಬಂದದ್ದೂ ಇದೇ ಉಸಿರಿನಲ್ಲಿ. ಇದನ್ನು ವಿನಯವೆಂದು ಕರೆದರೆ ವಿನಯವೆಂಬ ಶಬ್ದಕ್ಕೆ ಅರ್ಥವೇ ಉಳಿಯುವುದಿಲ್ಲ.

ಇಷ್ಟನ್ನು ಒಪ್ಪಿದರೆ 1948ರ ಡಿಸೆಂಬರಿನ ವಿರೋಧಾಭಾಸ ತಾನಾಗಿ ಕರಗುತ್ತದೆ. ಕರಡು ಸಂವಿಧಾನದ ಭಾಷಾಂತರಗಳಲ್ಲಿ ತಮ್ಮ ಜನರಿಗೆ ‘ಆದಿವಾಸಿ’ ಎಂಬ ಹೆಸರನ್ನು ಕೊಡದೆ ‘ವನಜಾತಿ’ ಎಂದು ಬರೆದಿರುವುದನ್ನು ಕಂಡ ಜೈಪಾಲರು, ಮೊದಲನೆಯದಕ್ಕೆ ಒಂದು ಘನತೆಯಿದೆಯೆಂದೂ, ಎರಡನೆಯದು ಅಸಂಸ್ಕೃತ ಬರ್ಬರನೆಂಬ ಅರ್ಥದ ಹಳೆಯ ನಿಂದಾಶಬ್ದವೆಂದೂ ಆಕ್ಷೇಪಿಸಿದರು. ‘ವನಜಾತಿ’ಯು ಕಚೇರಿಯ ಪಟ್ಟಿಗೆ ಸೇರಿದ ಮತ್ತೊಂದು ಹೆಸರು, 1871, 1931, 1935ರ ಸಾಲಿಗೆ ಸೇರತಕ್ಕದ್ದು. ಒಬ್ಬನು ತನ್ನ ಬಾಯಿಂದ ತಾನು ಜಂಗ್ಲಿಯೆಂದು ಹೇಳಿಕೊಳ್ಳುವುದಕ್ಕೂ, ರಾಷ್ಟ್ರದ ಮೂಲಶಾಸನವು ಅವನ ಮಕ್ಕಳ ಹಣೆಯ ಮೇಲೆ ಅದೇ ಅರ್ಥದ ಮಾತನ್ನು ಬರೆಯುವುದಕ್ಕೂ ಇರುವ ಅಂತರ ಚಿಕ್ಕದಲ್ಲ. ಆ ವರ್ಷದ ಜನವರಿ 1ರಂದು, ಒರಿಸ್ಸಾದೊಡನೆ ವಿಲೀನವನ್ನು ವಿರೋಧಿಸಿ ಖರಸಾವಾದಲ್ಲಿ ನೆರೆದಿದ್ದ ಆದಿವಾಸಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಅಲ್ಲಿಗೆ ಬಂದಿದ್ದವರಲ್ಲಿ ಅನೇಕರು ಕಾದಿದ್ದದ್ದು ಜೈಪಾಲರ ಮಾತನ್ನು ಕೇಳುವುದಕ್ಕಾಗಿ. ಆ ರಕ್ತಪಾತ ಕಳೆದು ವರ್ಷ ತುಂಬುವ ಮೊದಲೇ ಒಂದು ಶಬ್ದಕ್ಕಾಗಿ ಹೋರಾಡಿದವರನ್ನು ಶಬ್ದಚಪಲರೆನ್ನಲು ನನ್ನ ಲೇಖನಿ ಏಳುವುದಿಲ್ಲ.

‘ಆದಿವಾಸಿ’ಯು ಸಾಮಾನ್ಯವಾಚಕ, ಅದಕ್ಕೆ ಕಾನೂನಿನಲ್ಲಿ ನಿಶ್ಚಿತಾರ್ಥವಿಲ್ಲ, ಅನುಸೂಚಿಯಲ್ಲಿ ಎಣಿಸಿ ಹೇಳಿದ ಪಂಗಡಗಳಿಗಾದರೆ ಅಂಥ ಅರ್ಥವುಂಟು ಎಂಬುದು ಈ ಆಕ್ಷೇಪಕ್ಕೆ ಅಂಬೇಡ್ಕರರ ಸಮಾಧಾನವಾಗಿತ್ತು. ಶಾಸನಕಾರರ ದೃಷ್ಟಿಯಿಂದ ಆ ಮಾತು ಸರಿಯೇ. ಪಟ್ಟಿಯಿಲ್ಲದೆ ಹಕ್ಕನ್ನು ನ್ಯಾಯಾಲಯದಲ್ಲಿ ಸ್ಥಾಪಿಸುವುದು ಕಷ್ಟ. ಈ ಇಬ್ಬರು ಮಹನೀಯರನ್ನು ಎದುರಾಳಿಗಳಾಗಿ ನಿಲ್ಲಿಸಿ ಒಬ್ಬರನ್ನು ಸೋಲಿಸುವ ಈಚಿನ ರೂಢಿ ನನಗೆ ಹಿಡಿಸದು. ಒಬ್ಬರು ಹಕ್ಕಿನ ಆಧಾರವನ್ನು ಹುಡುಕುತ್ತಿದ್ದರು, ಇನ್ನೊಬ್ಬರು ಹೆಸರಿನ ಮಾನವನ್ನು.

ಉಳಿದದ್ದು 1963ರ ವಿಲೀನ. 1952ರ ಚುನಾವಣೆಯಲ್ಲಿ ಬಿಹಾರದ ವಿಧಾನಸಭೆಗೆ 32 ಮಂದಿಯನ್ನು ಕಳುಹಿಸಿ ಮುಖ್ಯ ವಿರೋಧಪಕ್ಷವಾಗಿದ್ದ ಝಾರ್ಖಂಡ್ ಪಕ್ಷವು, ಪ್ರತ್ಯೇಕ ಪ್ರಾಂತದ ಬೇಡಿಕೆಯನ್ನು ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ತಳ್ಳಿಹಾಕಿದ ಮೇಲೆ ಕ್ರಮೇಣ ಕುಗ್ಗಿ, 1962ರಲ್ಲಿ 20 ಸ್ಥಾನಗಳಿಗೆ ಇಳಿಯಿತು. ವಿಲೀನದ ತರುವಾಯ ಜೈಪಾಲರು ಕೆಲಕಾಲ ಮಂತ್ರಿಯಾಗಿದ್ದರು. ತಮ್ಮ ಜನಕ್ಕೆ ಬೇಕಾದದ್ದು ಮಂತ್ರಿಗಳಿಂದ ರಕ್ಷಣೆಯೆಂದು 1946ರಲ್ಲಿ ಹೇಳಿದವರೇ ಮಂತ್ರಿಪದವಿಯನ್ನೊಪ್ಪಿದುದು ನನಗೂ ನೋವಿನ ಸಂಗತಿ. ಅದನ್ನು ಮುಚ್ಚಿಡುವ ಭಕ್ತರ ಪೈಕಿ ನಾನಲ್ಲ. ಆದರೆ ಅದರ ಬೀಜವನ್ನು ‘ಜಂಗ್ಲಿ’ಯಲ್ಲಿ ಹುಡುಕುವುದು ತಪ್ಪು. ತಮ್ಮ ಜನರ ಇತಿಹಾಸವೆಲ್ಲ ಶೋಷಣೆಯದೆಂದೂ, ನಡುನಡುವೆ ದಂಗೆಗಳದೆಂದೂ ಹೇಳಿ, ಆದರೂ ನೆಹರೂ ಅವರ ಮಾತನ್ನು, ನಿಮ್ಮೆಲ್ಲರ ಮಾತನ್ನು ನಂಬುತ್ತೇನೆ ಎಂದು ಅವರು ಅಂದೇ ನುಡಿದಿದ್ದರು. ಹುಡುಕುವುದಾದರೆ ಅಲ್ಲಿ ಹುಡುಕಬೇಕು. ಕೊಟ್ಟ ಮಾತು ಈಡೇರುತ್ತದೆಂದು ಹದಿನೇಳು ವರ್ಷ ಕಾದವರನ್ನು ದೂಷಿಸುವ ಮೊದಲು, ಮಾತು ಕೊಟ್ಟವರ ಲೆಕ್ಕವನ್ನೂ ತೆಗೆದು ನೋಡುವುದು ನ್ಯಾಯ.

ಶಬ್ದದ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಸಂವಿಧಾನದ ಹಿಂದೀ ಪಾಠದಲ್ಲಿ ಇಂದು ಇರುವುದು ‘ಅನುಸೂಚಿತ ಜನಜಾತಿ’. ‘ಆದಿವಾಸಿ’ ಒಳಗೆ ಬರಲಿಲ್ಲ, ‘ವನಜಾತಿ’ಯೂ ಉಳಿಯಲಿಲ್ಲ. ಇದು ಜೈಪಾಲರ ಪ್ರತಿಭಟನೆಯಿಂದಲೇ ಆಯಿತೆಂದು ಸಾಧಿಸಲು ಹೊರಡುವುದು ಅತಿಯಾದೀತು. ಆದರೆ ಎರಡು ಹೆಸರುಗಳನ್ನೂ ಮೇಲೊಂದು ಕೆಳಗೊಂದಾಗಿ ಬರೆದು ನೋಡಿದರೆ, ಬದಲಾಗಿರುವುದು ಮೊದಲಿನ ಒಂದೇ ಅಕ್ಷರ: ‘ವನ’ವಿದ್ದಲ್ಲಿ ‘ಜನ’ವಿದೆ.