ಜಾಲದಲ್ಲಿ ಓದಿದ ಪುಸ್ತಕ: ಉಲ್ಲೇಖಿಸಬೇಕಾದದ್ದು ಯಾವುದನ್ನು?

ಕನ್ನಡ ಮಹಾಪ್ರಬಂಧಗಳ ಅಡಿಟಿಪ್ಪಣಿಗಳಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕೊಂಡಿಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ನಡೆಸಿದ ಆ ಯೋಜನೆಯ ತಾಣ ಮುಚ್ಚಿ ವರ್ಷಗಳೇ ಆದವು. ಪುಸ್ತಕಗಳು ಮಾತ್ರ ಹೋಗಿಲ್ಲ. ಬಹಳಷ್ಟು ಸ್ಕ್ಯಾನ್ ಪ್ರತಿಗಳು ಇಂಟರ್‌ನೆಟ್ ಆರ್ಕೈವ್ ಸೇರಿವೆ. ಅಲ್ಲಿನ ಗುರುತಿನೊಳಗೆ ಹಳೆಯ ತಾಣದ ಸಂಖ್ಯೆಯೇ ಉಳಿದಿದೆ. ಆ ಸಂಖ್ಯೆ ಬರೆದಿಟ್ಟವರ ಆಕರ ಇಂದಿಗೂ ಸಿಗುತ್ತದೆ. ತಾಣದ ವಿಳಾಸವನ್ನಷ್ಟೇ ಕೊಟ್ಟವರದನ್ನು ಹುಡುಕುವ ಕಷ್ಟ ಓದುಗನ ತಲೆಗೆ ಬೀಳುತ್ತದೆ.

ಆದರೆ ಸಂಖ್ಯೆಯೂ ಸಾಲದು. ಯಾವ ಮುದ್ರಣವನ್ನು ನೋಡಿದೆವು ಎಂಬುದು ಅದಕ್ಕಿಂತ ಮುಖ್ಯ. ಎಪಿಗ್ರಾಫಿಯಾ ಕರ್ನಾಟಿಕಾದ ಎರಡನೆಯ ಸಂಪುಟವನ್ನೇ ನೋಡಬಹುದು. ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅದರಲ್ಲಿದ್ದದ್ದು 144 ಶಾಸನ. ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಆವೃತ್ತಿಯಲ್ಲಿ 573. ಒಂದೊಂದು ಸಲವೂ ಕ್ರಮಸಂಖ್ಯೆ ಬದಲಾಗಿದೆ. ಬೊಪ್ಪಣ ಪಂಡಿತನ ಗೊಮ್ಮಟಸ್ತುತಿಯ ಶಾಸನ ರೈಸ್ ಆವೃತ್ತಿಯಲ್ಲಿ 85, ನರಸಿಂಹಾಚಾರ್ ಅವರಲ್ಲಿ 234, 1973ರದರಲ್ಲಿ 336. ಹೀಗಿರುವಾಗ ‘ಎ.ಕ. 2, ಶ್ರವಣಬೆಳಗೊಳ 234’ ಎಂದಷ್ಟೇ ಬರೆದು ಪಕ್ಕದಲ್ಲೊಂದು ಕೊಂಡಿ ಅಂಟಿಸಿದರೆ, 1973ರ ಸಂಪುಟ ತೆರೆದವನಿಗೆ ಸಿಗುವುದು ಬೇರೆಯದೇ ಶಾಸನ. ಕೊಂಡಿ ಕೆಲಸ ಮಾಡುತ್ತಿದ್ದರೂ ಉಲ್ಲೇಖ ಅಪೂರ್ಣವೇ.

ಇನ್ನು ಸ್ಕ್ಯಾನ್ ಪ್ರತಿಯ ಪಕ್ಕದ ವಿವರಪಟ್ಟಿಯನ್ನು ನಂಬಿ ಬರೆಯುವ ರೂಢಿ ಬಿಡಬೇಕು. ರೋಮನ್ ಲಿಪಿಗೆ ಇಳಿಸುವಾಗ ಕೆಟ್ಟ ಶೀರ್ಷಿಕೆ, ತಪ್ಪಿದ ವರ್ಷ, ಸಂಪಾದಕರ ಹೆಸರಿನ ಜಾಗದಲ್ಲಿ ಇನ್ನಾರದೋ ಹೆಸರು, ಇವೆಲ್ಲ ಅಲ್ಲಿ ಸಾಮಾನ್ಯ. ಶೀರ್ಷಿಕೆ ಪುಟವನ್ನೂ ಅದರ ಹಿಂಬದಿಯನ್ನೂ ತೆರೆದು ನೋಡಿಯೇ ಮುದ್ರಣದ ವಿವರ ಬರೆದುಕೊಳ್ಳಬೇಕು. ಪುಟಸಂಖ್ಯೆಯೂ ಅಚ್ಚಾದ ಪುಟದ್ದಾಗಿರಬೇಕು. ತೆರೆ ತೋರಿಸುವ ಸಂಖ್ಯೆಯಲ್ಲಿ ಹೊದಿಕೆ, ಮುನ್ನುಡಿಗಳೂ ಸೇರಿರುತ್ತವೆ.

ನೋಡಿದ ದಿನಾಂಕ ಬೇಕೇ ಎಂಬ ಪ್ರಶ್ನೆಗೆ ಎಪಿಎ ಶೈಲಿಯ ಏಳನೆಯ ಆವೃತ್ತಿಯ ಉತ್ತರ ನನಗೆ ಸರಿಯೆನಿಸುತ್ತದೆ: ಬದಲಾಗುತ್ತಲೇ ಇರುವ ಪುಟಕ್ಕೆ ಬೇಕು, ಸ್ಥಿರ ಪ್ರತಿಗೆ ಬೇಡ. ಕನ್ನಡ ವಿಕಿಪೀಡಿಯದಂಥ ಕಡೆ ದಿನಾಂಕಕ್ಕಿಂತಲೂ ಆ ಆವೃತ್ತಿಯ ಶಾಶ್ವತ ಕೊಂಡಿ ಹೆಚ್ಚು ಉಪಯುಕ್ತ. ಶೋಧಗಂಗಾದ ಪ್ರಬಂಧಗಳಿಗೆ ಹ್ಯಾಂಡಲ್ ಸಂಖ್ಯೆ ಇದ್ದೇ ಇದೆ. ಅದನ್ನು ಬಿಟ್ಟು ಹುಡುಕಾಟದ ಫಲಿತಾಂಶದ ಉದ್ದನೆಯ ವಿಳಾಸ ಕೊಡುವುದಕ್ಕೆ ಕಾರಣವೇ ಇಲ್ಲ.

ಮಾರ್ಗದರ್ಶಕರಲ್ಲಿ ಒಂದು ವಿನಂತಿ. ವಿದ್ಯಾರ್ಥಿಯ ಕರಡು ಕೈಗೆ ಬಂದಾಗ ನಾಲ್ಕಾರು ಅಡಿಟಿಪ್ಪಣಿಗಳನ್ನು ಆರಿಸಿ, ಕೊಂಡಿಯನ್ನು ಮುಟ್ಟದೆ, ಬರೆದಿರುವ ವಿವರದಿಂದಲೇ ಆ ಪುಟ ಹುಡುಕಿ ನೋಡಿ. ಸಿಗದಿದ್ದರೆ ಕರಡನ್ನು ಹಿಂದಿರುಗಿಸಿ.