ಸುಂಕದ ಕಟ್ಟೆಯಿಂದ ಲೆಕ್ಕದ ಪುಸ್ತಕಕ್ಕೆ



ಕೋಪರಿ ದಾಟಿ ಮುಂಬಯಿಗೆ ದಿನವೂ ಓಡಾಡಿದ ನಿಮ್ಮಲ್ಲಿ ಹಲವರಿಗೆ ಹಿಂದಿನ ಲಾರಿಗಳ ಸಾಲು ನೆನಪಿರಬಹುದು. ಠಾಣೆ ಮುಗಿದು ಮುಲುಂಡ್ ಶುರುವಾಗುವಲ್ಲಿ ಮುಂಬಯಿ ಪಾಲಿಕೆಯ ಜಕಾತಿ ನಾಕಾ ಇತ್ತು. ಊರೊಳಗೆ ಬರುವ ಮಾಲಿಗೆ ಅಲ್ಲಿ ತೆರಿಗೆ ಕಟ್ಟಬೇಕಿತ್ತು. ನಮ್ಮ ಕಡೆ ಇದಕ್ಕೆ ಸುಂಕದ ಕಟ್ಟೆ ಎನ್ನುತ್ತಿದ್ದರು; ಬೆಂಗಳೂರಿನ ಒಂದು ಬಡಾವಣೆಗೆ ಇಂದಿಗೂ ಅದೇ ಹೆಸರು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಯಾರಿಗೆ ಗೊತ್ತಿಲ್ಲ?

ಕರ್ನಾಟಕ 1979ರಲ್ಲೇ ಜಕಾತಿ ತೆಗೆದು ಪ್ರವೇಶ ತೆರಿಗೆ ತಂದಿತು. ಮುಂಬಯಿ ಮಾತ್ರ ಮತ್ತೆ 38 ವರ್ಷ ಬಿಡಲಿಲ್ಲ. ಕಾರಣ ಸರಳ: ಕೊನೆಕೊನೆಗೆ ಪಾಲಿಕೆಗೆ ಅದರಿಂದ ವರ್ಷಕ್ಕೆ ಸುಮಾರು 7 ಸಾವಿರ ಕೋಟಿ ರೂಪಾಯಿ ಬರುತ್ತಿತ್ತು.

ಠಾಣೆಯಲ್ಲಿ 2013ರ ಏಪ್ರಿಲ್ 1ರಿಂದ ಜಕಾತಿ ಹೋಗಿ ಎಲ್‌ಬಿಟಿ, ಅಂದರೆ ಸ್ಥಳೀಯ ಸಂಸ್ಥೆ ತೆರಿಗೆ ಬಂತು. ನಾಕಾ ಹೋಯಿತೆಂದು ವ್ಯಾಪಾರಿಗಳು ಖುಷಿಪಡಬೇಕಿತ್ತಲ್ಲವೇ? ಮಹಾರಾಷ್ಟ್ರದ ಹಲವು ಊರುಗಳಲ್ಲಿ ಅವರು ಅಂಗಡಿ ಮುಚ್ಚಿ ಮುಷ್ಕರ ಹೂಡಿದರು! ನಾಕಾದಲ್ಲಿ ಒಮ್ಮೆ ಹಣ ಕಟ್ಟಿದರೆ ಮುಗಿಯಿತು. ಎಲ್‌ಬಿಟಿಯಲ್ಲಿ ಖರೀದಿಯ ಲೆಕ್ಕ ತಾವೇ ಇಡಬೇಕು, ತೆರಿಗೆ ತಾವೇ ಹಾಕಿಕೊಳ್ಳಬೇಕು, ಅಧಿಕಾರಿ ಬಂದು ಕೇಳಿದರೆ ತೋರಿಸಬೇಕು. ರಸ್ತೆಯಲ್ಲಿದ್ದ ತಪಾಸಣೆ ಗಲ್ಲಾಪೆಟ್ಟಿಗೆಯ ಪಕ್ಕಕ್ಕೇ ಬಂತು. 2015ರ ಆಗಸ್ಟ್ 1ರಿಂದ, 50 ಕೋಟಿಗಿಂತ ಕಡಿಮೆ ವಹಿವಾಟಿನವರಿಗೆ ಅದನ್ನು ಕೈಬಿಟ್ಟರು.

2017ರ ಜುಲೈ 1ರಂದು ಜಿಎಸ್‌ಟಿ ಬಂತು, ಮುಂಬಯಿಯ ಜಕಾತಿ ನಾಕಾಗಳು ಮುಚ್ಚಿದವು. ನಮ್ಮವರ ಹೋಟೆಲುಗಳ ಕಥೆಯನ್ನೇ ನೋಡಿ. ಮೊದಲು ಎಸಿ ಇಲ್ಲದಿದ್ದರೆ ಶೇ. 12, ಇದ್ದರೆ ಶೇ. 18. ಅದೇ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳಿಗೆಲ್ಲ ಶೇ. 5, ಆದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಕಳೆದುಕೊಳ್ಳುವ ಸೌಲಭ್ಯ ಹೋಯಿತು. ಐದು ತಿಂಗಳೊಳಗೆ ಬಿಲ್ಲಿನ ಲೆಕ್ಕವೇ ಬದಲು!

2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ನೋಟಿಸ್ ಹೋದವು. ಹಾಲು, ತರಕಾರಿಯಂಥ ತೆರಿಗೆಯಿಲ್ಲದ ಮಾಲಿನ ಹಣವನ್ನೂ ಸೇರಿಸಿದ್ದಾರೆ ಎಂದು ವ್ಯಾಪಾರಿಗಳು ದೂರಿದರು. ಪ್ರತಿಭಟನೆಯ ನಂತರ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ರಾಜ್ಯ ಸರ್ಕಾರ ಹೇಳಿತು. ಆದರೆ ಯಾವ ಹಣ ಯಾವ ಮಾಲಿನದು ಎಂದು ಬರೆದಿಟ್ಟವರಿಗೆ ಉತ್ತರ ಕೊಡುವುದು ಆಗಲೂ ಸುಲಭವಿತ್ತು.

ಜಿಎಸ್‌ಟಿ ನೋಂದಣಿ ಇರುವವರು ಇಷ್ಟು ನೆನಪಿಡಿ. ಇಲಾಖೆಯವರು ಆಡಿಟ್‌ಗೆ ಬರುವುದಾದರೆ ಕನಿಷ್ಠ 15 ಕೆಲಸದ ದಿನ ಮೊದಲೇ ನೋಟಿಸ್ ಕೊಡಬೇಕು. ಶುರುವಾದ ಆಡಿಟ್ 3 ತಿಂಗಳಲ್ಲಿ ಮುಗಿಯಬೇಕು. ಕಾರಣ ಬರೆದಿಟ್ಟು ಕಮಿಷನರ್ ಹೆಚ್ಚೆಂದರೆ ಇನ್ನು 6 ತಿಂಗಳು ಕೊಡಬಹುದು. ನೀವೂ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 6 ವರ್ಷ ಲೆಕ್ಕಪುಸ್ತಕ ಕಾಪಾಡಬೇಕು. ಸುಂಕದವನ ಮುಂದೆ ಸುಖದುಃಖ ನಡೆಯದು, ನಿಜ. ಬಿಲ್ಲು ಮಾತ್ರ ನಡೆಯುತ್ತದೆ!